ಲೇಸರ್ ಬಂದ ಮೇಲೂ ನಾನು ಆಮ್ಲವನ್ನು ಬಿಡಲಿಲ್ಲ

ಮುಂಭಾಗದ ಹಲ್ಲಿನ ಮುರಿದ ಅಂಚಿಗೆ ನಾನು ಕಟ್ಟಿಕೊಟ್ಟಿದ್ದ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ತುಣುಕನ್ನು ಆ ಯುವತಿ ಕಾಗದದಲ್ಲಿ ಸುತ್ತಿಕೊಂಡು ತಂದಿದ್ದರು. ಕಟ್ಟಿ ಇನ್ನೂ ಐದು ವಾರವೂ ಆಗಿರಲಿಲ್ಲ. “ಗಟ್ಟಿ ಪದಾರ್ಥ ಏನನ್ನೂ ಕಚ್ಚಿಲ್ಲ ಡಾಕ್ಟರೇ, ಹಲ್ಲುಜ್ಜುವಾಗ ಕೈಗೇ ಬಂತು” ಎಂದರು. ತುಣುಕನ್ನು ಭೂತಗನ್ನಡಿಯಡಿ ತಿರುಗಿಸಿ ನೋಡಿದೆ. ಹಲ್ಲಿಗೆ ಅಂಟಿದ್ದ ಬದಿಯಲ್ಲಿ ಅಲ್ಲಲ್ಲಿ ಬಿಳಿಯ ಪುಡಿ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ತೀರಾ ಸಣ್ಣ ಚಕ್ಕೆಗಳು. ಅಂಟು ಸೋತಿರಲಿಲ್ಲ. ಅಂಟು ಹಿಡಿದುಕೊಂಡಿದ್ದ ಎನಾಮೆಲ್‌ನ ಮೇಲ್ಪದರವೇ ಸಡಿಲಗೊಂಡು ಅದರ ಜೊತೆ ಎದ್ದು ಬಂದಿತ್ತು.

ಕಾಂಪೋಸಿಟ್ ಚೆನ್ನಾಗಿ ಅಂಟಲೆಂದು ಮೊದಲು ಹಲ್ಲಿಗೆ ಆಮ್ಲ ಹಚ್ಚುವುದು ವಾಡಿಕೆ. ಆ ಹಲ್ಲಿಗೆ ನಾನು ಆಮ್ಲ ಹಚ್ಚಿರಲಿಲ್ಲ. ಲೇಸರ್‌ನಿಂದಲೇ ಮೇಲ್ಮೈಯನ್ನು ಒರಟು ಮಾಡಿ, ನೇರವಾಗಿ ಅಂಟಿಸುವ ಬಾಂಡಿಂಗ್ ದ್ರವ ಸವರಿದ್ದೆ. ಯಂತ್ರದ ತರಬೇತಿಯಲ್ಲಿ ಹಾಗೆ ಮಾಡಬಹುದು ಎಂದು ಹೇಳಿಕೊಟ್ಟಿದ್ದರು. ನಾನೂ ಮನಸಾರೆ ನಂಬಿದ್ದೆ.

ನಂಬಲು ಕಾರಣವೂ ಇತ್ತು. ನನ್ನ ಬಳಿ ಇರುವುದು 2940 ನ್ಯಾನೋಮೀಟರ್ ತರಂಗಾಂತರದ ಎರ್ಬಿಯಂ ಲೇಸರ್. ಆ ತರಂಗಾಂತರವನ್ನು ನೀರು ಗಟಗಟನೆ ಹೀರಿಕೊಳ್ಳುತ್ತದೆ. ಎನಾಮೆಲ್‌ನ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ ಆದರೂ ಅದರೊಳಗೆ ಸ್ವಲ್ಪ ನೀರು ಇದ್ದೇ ಇರುತ್ತದೆ. ಆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗುತ್ತದೆ, ಸುತ್ತಲಿನ ಖನಿಜವನ್ನು ಸಿಡಿಸುತ್ತದೆ. ಬಾಯಿಯೊಳಗೆ ಕೇಳುವ ಪಟ್ ಪಟ್ ಸದ್ದು ಅದರದ್ದೇ. ನೀರಿನ ತುಂತುರು ನಿಲ್ಲದೆ ಬೀಳುತ್ತಿದ್ದರೆ ಹಲ್ಲು ಕಾಯುವುದಿಲ್ಲ. ಡ್ರಿಲ್‌ನ ಕಂಪನವಿಲ್ಲ, ಎದೆ ನಡುಗಿಸುವ ಕೀರಲು ಸದ್ದಿಲ್ಲ. ಚಿಕ್ಕ ಹುಳುಕಿಗೆ ಎಷ್ಟೋ ಸಲ ಅರಿವಳಿಕೆಯ ಸೂಜಿಯೂ ಬೇಕಾಗುವುದಿಲ್ಲ. ಡ್ರಿಲ್ ಕಂಡೊಡನೆ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯುತ್ತಿದ್ದ ಮಕ್ಕಳು ಬಾಯಿ ತೆರೆದುಕೊಂಡು ಸುಮ್ಮನೆ ಕುಳಿತದ್ದನ್ನು ಕಂಡಾಗ ಆದ ಸಂತೋಷ ಇಂದಿಗೂ ಹಾಗೇ ಇದೆ.

ಇತ್ತ ಆಮ್ಲದ ಕಥೆ ಹಳೆಯದು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುವುದನ್ನು ಗಮನಿಸಿ, ಅಮೆರಿಕದ ದಂತವೈದ್ಯ ಮೈಕೆಲ್ ಬುವೊನೊಕೋರ್ ಅದನ್ನು ಹಲ್ಲಿನ ಮೇಲೆ ಪ್ರಯೋಗಿಸಿ 1955ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಶೇ. 85ರ ಆಮ್ಲ, ಅದೂ 30 ಸೆಕೆಂಡು. ಇಂದು ನಮ್ಮ ಸಿರಿಂಜಿನಲ್ಲಿರುವ ನೀಲಿ ಜೆಲ್ ಶೇ. 35ರಿಂದ 37ರದ್ದು. ಅದು ಎನಾಮೆಲ್‌ನ ಮೇಲಿನ ಹತ್ತು ಮೈಕ್ರಾನ್‌ನಷ್ಟನ್ನು ಕರಗಿಸಿ, ಅದರ ಕೆಳಗೆ ಇನ್ನಷ್ಟು ಆಳಕ್ಕೆ ಸೂಕ್ಷ್ಮ ರಂಧ್ರಗಳನ್ನು ಬಿಡಿಸುತ್ತದೆ. ತೆಳುವಾದ ರಾಳ ಆ ರಂಧ್ರಗಳಿಗೆ ಇಳಿದು, ಬೆಳಕಿಗೆ ಗಟ್ಟಿಯಾಗಿ, ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಎನಾಮೆಲ್‌ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಇದಕ್ಕಿಂತ ನೆಚ್ಚಬಹುದಾದ ಇನ್ನೊಂದು ವಿಧಾನ ನನಗೆ ಸಿಕ್ಕಿಲ್ಲ.

ಆ ತುಣುಕು ಕೈಗೆ ಬಂದ ಮೇಲೆ ನಾನೇ ಪರೀಕ್ಷಿಸಿ ನೋಡಬೇಕೆನಿಸಿತು. ಹಲ್ಲಿನ ಸಾಲು ನೇರ ಮಾಡುವ ಚಿಕಿತ್ಸೆಗಾಗಿ ತೆಗೆಸಿಕೊಂಡ ಮುಂದವಡೆ ಹಲ್ಲುಗಳನ್ನು ಕೆಲವರು ಒಪ್ಪಿ ಕೊಟ್ಟರು. ಅವುಗಳನ್ನು ಒಣಗದಂತೆ ನೀರಿನಲ್ಲಿಟ್ಟಿದ್ದೆ. ಪ್ರತಿ ಹಲ್ಲಿನ ಒಂದು ಬದಿಗೆ ಆಮ್ಲ, ಇನ್ನೊಂದು ಬದಿಗೆ ಲೇಸರ್. ತೊಳೆದು ಗಾಳಿಗೆ ಒಣಗಿಸಿದಾಗ ಎರಡೂ ಬದಿ ಬೆಳ್ಳಗಾಗುತ್ತವೆ, ಬರಿಗಣ್ಣಿಗೆ ಎರಡೂ ಒಂದೇ. ನಾನು ಮೋಸಹೋದದ್ದು ಇಲ್ಲಿಯೇ. ದೊಡ್ಡದಾಗಿ ಕಾಣಿಸುವ ಕನ್ನಡಕ ಹಾಕಿ ನೋಡಿದರೆ ಆಮ್ಲದ ಬಿಳುಪು ಹಬೆ ಹಿಡಿದ ಗಾಜಿನಂತೆ, ಅಂಚಿನಿಂದ ಅಂಚಿಗೆ ಸಮವಾಗಿ ಹರಡಿರುತ್ತದೆ. ಲೇಸರ್‌ನ ಬಿಳುಪು ಮೀನಿನ ಹುರುಪೆಯಂತೆ ಪದರಪದರ. ಒಂದು ಸಿಡಿತಕ್ಕೂ ಮುಂದಿನದಕ್ಕೂ ನಡುವೆ ಮುಟ್ಟದೇ ಉಳಿದ ಹೊಳಪಿನ ಜಾಗಗಳೂ ಇರುತ್ತವೆ. ಆಮ್ಲ ತಾನಾಗಿಯೇ ಹರಿದು ಮೂಲೆ ಸೇರುತ್ತದೆ. ಲೇಸರ್ ತುದಿ ಮಾತ್ರ ನನ್ನ ಕೈ ಹೋದಲ್ಲಿಗೆ, ನನ್ನ ಕೈ ಹಿಡಿದ ದೂರದಿಂದಲೇ ಕೆಲಸ ಮಾಡುತ್ತದೆ.

ಎರಡೂ ಬದಿಗೆ ಕಾಂಪೋಸಿಟ್‌ನ ಗುಂಡಿಗಳನ್ನು ಅಂಟಿಸಿ, ಮರುದಿನ ಉಳಿಯಿಂದ ಮೀಟಿ ತೆಗೆದೆ. ಪ್ರಯೋಗಾಲಯದ ಅಳತೆಯಲ್ಲ, ಕೈ ಹೇಳಿದ ಲೆಕ್ಕ ಅಷ್ಟೆ. ಆಮ್ಲ ಹಚ್ಚಿದವು ಒಂದರಂತೆ ಇನ್ನೊಂದು ಹಟ ಹಿಡಿದು ನಿಂತವು. ಲೇಸರ್‌ನವು ಒಂದು ಗಟ್ಟಿ, ಮುಂದಿನದು ಸಲೀಸಾಗಿ ಕಳಚಿತು. ಕಳಚಿದವುಗಳ ಅಡಿಯಲ್ಲಿ ಅದೇ ಬಿಳಿ ಚಕ್ಕೆ. ಸಿಡಿತದ ಹೊಡೆತಕ್ಕೆ ಮೇಲ್ಮೈಯ ಕೆಳಗೆ ಕೂದಲೆಳೆಯಂಥ ಬಿರುಕುಗಳು ಉಳಿಯುತ್ತವೆ, ಎಳೆತ ಬಿದ್ದಾಗ ಅಲ್ಲಿಯೇ ಬಿಡುತ್ತದೆ. ಪ್ರಕಟವಾದ ಅಧ್ಯಯನಗಳಲ್ಲೂ ಬರೀ ಲೇಸರ್‌ನ ಫಲಿತಾಂಶ ಹೀಗೆಯೇ ಚೆದುರಿಕೊಂಡಿದೆ: ಕೆಲವಲ್ಲಿ ಆಮ್ಲಕ್ಕೆ ಸಮ, ಹಲವಲ್ಲಿ ಕಡಿಮೆ. ಸರಾಸರಿಗಿಂತ ಈ ಏರುಪೇರೇ ನನ್ನನ್ನು ಹೆಚ್ಚು ಹೆದರಿಸಿತು. ಏಕೆಂದರೆ ನನ್ನ ಕುರ್ಚಿಯಲ್ಲಿ ಕುಳಿತವರ ಬಾಯಲ್ಲಿರುವುದು ಒಂದೇ ಹಲ್ಲು.

ಮೂರನೆಯ ಗುಂಪಿಗೆ ಲೇಸರ್ ಮುಗಿಸಿ ಆಮ್ಲವನ್ನೂ ಹಚ್ಚಿದ್ದೆ. ಅವು ಆಮ್ಲದವುಗಳ ಜೊತೆಗೇ ನಿಂತವು.

ಈಗ ಹುಳುಕು ತೆಗೆಯುವುದು ಲೇಸರ್‌ನಿಂದ, ಅಂಟುವ ಮೇಲ್ಮೈ ಸಿದ್ಧಪಡಿಸುವುದು ಆಮ್ಲದಿಂದ. ಇವೆರಡರ ನಡುವೆ ಒಂದು ಕೆಲಸವಿದೆ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ: ಲೇಸರ್ ತಗುಲಿದ ಎನಾಮೆಲ್ ಅಂಚನ್ನು ನುಣುಪು ವಜ್ರದ ಬರ್‌ನಿಂದ ಹಗುರಾಗಿ ಸವರಿ, ಸಡಿಲ ಚಕ್ಕೆಗಳನ್ನು ಉದುರಿಸಿಬಿಡುತ್ತೇನೆ. ಆಮೇಲೆ ಜೆಲ್ ಮೊದಲು ಎನಾಮೆಲ್ ಅಂಚಿಗೆ, ಒಟ್ಟು 30 ಸೆಕೆಂಡು. ಅದರ ಒಳಗಿನ ಮೆತ್ತನೆಯ ಪದರವಾದ ಡೆಂಟಿನ್ ಮೇಲೆ 15 ಸೆಕೆಂಡು ದಾಟಲು ಬಿಡುವುದಿಲ್ಲ, ದಾಟಿದರೆ ಜುಮ್ಮೆನ್ನುವ ದೂರು ಹಿಂದೆಯೇ ಬರುತ್ತದೆ. ಫ್ಲೋರೋಸಿಸ್‌ನಿಂದ, ಅಂದರೆ ಫ್ಲೋರೈಡ್ ಹೆಚ್ಚಾಗಿ, ಕಲೆಗಟ್ಟಿದ ಹಲ್ಲು ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಅದಕ್ಕೆ ಸಮಯ ಹೆಚ್ಚು ಕೊಡಬೇಕು. ಧಾರಾಳವಾಗಿ ತೊಳೆದು, ಒಣಗಿಸಿ, ಹಬೆಯ ಬಿಳುಪು ಕಾಣುವವರೆಗೆ ಮುಂದೆ ಹೋಗುವುದಿಲ್ಲ. ಬಿಳುಪು ಕಂಡ ಮೇಲೆ ಜೊಲ್ಲು ಒಂದು ತೊಟ್ಟು ತಾಗಿದರೂ ಮತ್ತೆ ಆಮ್ಲ, ಮತ್ತೆ ನೀರು. ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಕಟ್ಟಲು ಹಿಡಿಯುವ ನಾಲ್ಕು ನಿಮಿಷಕ್ಕೆ ಬೇಸರಪಡುವ ಸಹೋದ್ಯೋಗಿಗಳನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ಹೊಸ ಯಂತ್ರಕ್ಕೆ ಕೊಡುವ ಗಮನದಲ್ಲಿ ಅರ್ಧವನ್ನು ಹಲ್ಲು ಒಣಗಿರುವಂತೆ ನೋಡಿಕೊಳ್ಳಲು ಕೊಟ್ಟರೂ ಸಾಕು.

ಆ ಯುವತಿಯ ಹಲ್ಲನ್ನು ಅಂದೇ ಮತ್ತೆ ಕಟ್ಟಿದೆ. ತಪ್ಪು ಎಲ್ಲಾಯಿತೆಂದು ಅವರಿಗೆ ತಿಳಿಸಿ ಹೇಳಿದೆ, ಹಣ ತೆಗೆದುಕೊಳ್ಳಲಿಲ್ಲ. ಪುಡಿಯಾಗಿದ್ದ ಪದರವನ್ನು ತೆಗೆದು, ಅಂಚನ್ನು ಓರೆಯಾಗಿ ಇಳಿಸಿ, ಜೆಲ್ ಹಚ್ಚಿ ಗಡಿಯಾರ ನೋಡುತ್ತಾ ನಿಂತೆ. ಈಗಲೂ ಹಲ್ಲು ಶುಚಿಗೊಳಿಸಿಕೊಳ್ಳಲು ಬರುತ್ತಾರೆ. ಪ್ರತಿ ಸಲವೂ ಮೊದಲು ಆ ಅಂಚಿನ ಮೇಲೆ ಸೂಜಿಮೊನೆಯ ಉಪಕರಣ ಎಳೆದು ನೋಡುತ್ತೇನೆ. ಮೊನ್ನೆಯೂ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಕಂದು ಗೆರೆಯೂ ಇರಲಿಲ್ಲ.