ಶ್ವಾಸಕೋಶದಾಚೆಯ ಕ್ಷಯ: ಮಾದರಿಯನ್ನು ತೆಗೆದು ಪರೀಕ್ಷಿಸುವ ಕ್ರಮ

ಕುತ್ತಿಗೆಯ ಗಂಟು, ಎದೆಗೂಡಿನ ನೀರು, ಬೆನ್ನುಮೂಳೆಯ ಕೀವು, ಮಿದುಳಿನ ಪೊರೆ ಇವುಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇದ್ದರೂ ಕಫದಲ್ಲಿರುವಷ್ಟು ಸಂಖ್ಯೆಯಲ್ಲಿ ಇರುವುದಿಲ್ಲ. ಝೀಲ್-ನೀಲ್ಸನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಅವು ಕಣ್ಣಿಗೆ ಬೀಳಬೇಕಾದರೆ ಒಂದು ಮಿ.ಲೀ.ಗೆ 5,000ದಿಂದ 10,000 ಇರಬೇಕಾಗುತ್ತದೆ. ಆದುದರಿಂದ ಇಂಥ ಮಾದರಿಯ ಸ್ಲೈಡ್ ನೆಗೆಟಿವ್ ಬಂದಿತೆಂದು ಕ್ಷಯವನ್ನು ತಳ್ಳಿಹಾಕುವಂತಿಲ್ಲ. ಸೂಜಿ ಚುಚ್ಚುವ ಮೊದಲೇ ಯಾವ ಪರೀಕ್ಷೆ, ಅದಕ್ಕೆ ಯಾವ ಬಾಟಲಿ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಕಲಬುರಗಿಯ ನಮ್ಮ ಪ್ರಯೋಗಾಲಯಕ್ಕೆ ಒಮ್ಮೆ ತಾಲ್ಲೂಕಿನ ಒಂದು ಆಸ್ಪತ್ರೆಯಿಂದ ಯುವತಿಯೊಬ್ಬಳ ಕುತ್ತಿಗೆಯ ಇಡೀ ಗಂಟು ಬಂದಿತ್ತು. ಮುಚ್ಚಳ ತಿರುಗಿಸುತ್ತಿದ್ದಂತೆ ಫಾರ್ಮಲಿನ್ (ಅಂಗಾಂಶ ಕೊಳೆಯದಂತೆ ಇಡುವ ದ್ರವ) ವಾಸನೆ ಮೂಗಿಗೆ ಬಡಿಯಿತು. ಹಿಸ್ಟೊಪೆಥಾಲಜಿಯಲ್ಲಿ (ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಗ್ರ್ಯಾನ್ಯುಲೋಮಾ, ಅಂದರೆ ಕ್ಷಯದಲ್ಲಿ ಕಾಣುವ ಉರಿಯೂತದ ಕೋಶಗಳ ಗುಂಪು, ಕಂಡಿತಾದರೂ, ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಂದು ಡಿಎನ್‌ಎಯನ್ನೂ ಕೆಡಿಸುವುದರಿಂದ ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಆಗಲಿಲ್ಲ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುವುದೋ ಇಲ್ಲವೋ ತಿಳಿಯಲಿಲ್ಲ, ಆಕೆ ಮತ್ತೊಮ್ಮೆ ಸೂಜಿಗೆ ಒಡ್ಡಿಕೊಳ್ಳಬೇಕಾಯಿತು. ಗಂಟನ್ನು ಎರಡು ಭಾಗ ಮಾಡಿ, ಒಂದನ್ನು ಫಾರ್ಮಲಿನ್‌ನಲ್ಲಿಯೂ ಇನ್ನೊಂದನ್ನು ಒಣಗದಷ್ಟು ಮಾತ್ರ ನಿರ್ಜಂತುಕ ನಾರ್ಮಲ್ ಸಲೈನ್‌ನಲ್ಲಿಯೂ ಇಡುವುದಕ್ಕೆ ಎರಡು ನಿಮಿಷ ಸಾಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸುರಪುರದಿಂದಲೋ ಔರಾದಿನಿಂದಲೋ ಬಸ್ಸಿನಲ್ಲಿ ಬರುವ ಬಾಟಲಿ 2ರಿಂದ 8 ಡಿಗ್ರಿಯ ತಂಪು ಪೆಟ್ಟಿಗೆಯಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು.

ಸಲೈನ್‌ನಲ್ಲಿ ಬಂದ ಗಂಟಿಗೆ ಮೊದಲು ಸಿಬಿನಾಟ್ (ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ರಿಫಾಂಪಿಸಿನ್ ನಿರೋಧವನ್ನೂ ಯಂತ್ರದಲ್ಲಿ ಪತ್ತೆಮಾಡುವ ಪರೀಕ್ಷೆ) ಮಾಡುವುದು ಸರಿ. ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ ತುಂಡನ್ನು ಸಣ್ಣಗೆ ಕತ್ತರಿಸಿ, ಸುಮಾರು 2 ಮಿ.ಲೀ. ನಿರ್ಜಂತುಕ ಫಾಸ್ಫೇಟ್ ಬಫರ್ ಸೇರಿಸಿ, ನಿರ್ಜಂತುಗೊಳಿಸಿದ ಒರಳಿನಲ್ಲಿ ಗಟ್ಟಿ ಚೂರುಗಳು ಉಳಿಯದಂತೆ ಅರೆಯಬೇಕು. ಹೀಗೆ ಅರೆದುದರಲ್ಲಿ 0.7 ಮಿ.ಲೀ. ತೆಗೆದು 1.4 ಮಿ.ಲೀ. ಸ್ಯಾಂಪಲ್ ರಿಯೇಜೆಂಟ್ ಬೆರೆಸಿ ಜೋರಾಗಿ ಅಲುಗಿಸಿ, 10 ನಿಮಿಷ ಬಿಟ್ಟು ಮತ್ತೆ ಅಲುಗಿಸಿ, ಇನ್ನೂ 5 ನಿಮಿಷ ಕಾದು, 2 ಮಿ.ಲೀ.ಯನ್ನು ಕಾರ್ಟ್ರಿಜ್‌ಗೆ ಹಾಕಬೇಕು. ಚೂರುಗಳು ಒಳಹೋದರೆ ಯಂತ್ರ ಎರರ್ ತೋರಿಸುತ್ತದೆ, ದುಬಾರಿ ಕಾರ್ಟ್ರಿಜ್ ವ್ಯರ್ಥವಾಗುತ್ತದೆ.

ಬೆನ್ನುಹುರಿಯ ದ್ರವದ ವಿಷಯದಲ್ಲಿ ಪ್ರಮಾಣವೇ ಮುಖ್ಯ. ಅರ್ಧ ಮಿ.ಲೀ. ಕಳುಹಿಸಿ ಎಲ್ಲ ಪರೀಕ್ಷೆಯನ್ನೂ ಕೇಳುವ ಚೀಟಿಗಳು ಇಂದಿಗೂ ಬರುತ್ತವೆ. ಸಾಧ್ಯವಿದ್ದಲ್ಲಿ ಕನಿಷ್ಠ 6 ಮಿ.ಲೀ. ಕ್ಷಯದ ಪರೀಕ್ಷೆಗೆಂದೇ ಮೀಸಲಾಗಬೇಕು. 5 ಮಿ.ಲೀ.ಗಿಂತ ಹೆಚ್ಚಿದ್ದರೆ 3000 ಜಿ, ಅಂದರೆ ಗುರುತ್ವಾಕರ್ಷಣೆಯ 3000 ಪಟ್ಟು ಬಲದಲ್ಲಿ (ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅಲ್ಲ, ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ) 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಬಸಿದು, ತಳದ ಗಸಿಗೆ ಒಟ್ಟು 2 ಮಿ.ಲೀ. ಆಗುವಂತೆ ರಿಯೇಜೆಂಟ್ ಸೇರಿಸಬೇಕು. ಇಷ್ಟೆಲ್ಲ ಮಾಡಿಯೂ ನೆಗೆಟಿವ್ ಬಂದಾಗ, ರೋಗಿಯ ಲಕ್ಷಣಗಳು ಕ್ಷಯದ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಎಂದೇ ಹೇಳುತ್ತಿದ್ದರೆ, ವೈದ್ಯರು ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು.

ಎದೆನೀರಿನಲ್ಲಿ ಸಿಬಿನಾಟ್ ಅಷ್ಟಾಗಿ ಕೈಹಿಡಿಯುವುದಿಲ್ಲ. ಅಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳು ಹೆಚ್ಚಿದ್ದು ಎಡಿಎ (ಅಡೆನೊಸಿನ್ ಡಿಅಮಿನೇಸ್ ಎಂಬ ಕಿಣ್ವ) ಲೀಟರಿಗೆ 40 ಯೂನಿಟ್ ದಾಟಿದ್ದರೆ ಕ್ಷಯದ ಸಂಶಯ ಬಲವಾಗುತ್ತದೆ. ಆದರೆ ಕೀವು ತುಂಬಿದಾಗಲೂ, ರುಮಟಾಯ್ಡ್ ಕಾಯಿಲೆಯಲ್ಲೂ ಎಡಿಎ ಏರುವುದರಿಂದ ಒಂದೇ ಅಂಕಿಯನ್ನು ನಂಬಿಕೊಳ್ಳಬಾರದು. ಎದೆಪೊರೆಯ ಬಯಾಪ್ಸಿ ಸಾಧ್ಯವಿದ್ದರೆ ಅದೇ ಮೇಲು.

ಕಲ್ಚರ್ ಅನ್ನು ಕೈಬಿಡಬಾರದು. ಅದಕ್ಕೆ ಮಿ.ಲೀ.ಗೆ 10ರಿಂದ 100 ಜೀವಂತ ಬ್ಯಾಕ್ಟೀರಿಯಾ ಸಾಕು, ಇತರ ಔಷಧಗಳ ಪರೀಕ್ಷೆಗೂ ಅದೇ ಆಧಾರ. ನೆಗೆಟಿವ್ ಎನ್ನುವ ಮೊದಲು ಎಂಜಿಐಟಿ ಎಂಬ ದ್ರವ ಮಾಧ್ಯಮದಲ್ಲಿ 42 ದಿನ, ಎಲ್‌ಜೆ ಎಂಬ ಗಟ್ಟಿ ಮಾಧ್ಯಮದಲ್ಲಿ 8 ವಾರ ಕಾಯಬೇಕು. ಮೂತ್ರ, ಒಡೆದ ಗಂಟಿನ ಕೀವು ಮುಂತಾದವುಗಳಲ್ಲಿರುವ ಬೇರೆ ಬ್ಯಾಕ್ಟೀರಿಯಾ ಸಾಯುವಂತೆ ಅವನ್ನು ಮೊದಲು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಸಂಸ್ಕರಿಸಬೇಕು. ಶುದ್ಧ ಕ್ರಮದಲ್ಲಿ ತೆಗೆದ ಬೆನ್ನುಹುರಿಯ ದ್ರವಕ್ಕೆ ಅದು ಬೇಡ, ಹಾಕಿದರೆ ಇರುವ ನಾಲ್ಕಾರು ಬ್ಯಾಕ್ಟೀರಿಯಾಗಳೂ ಸತ್ತುಹೋಗುತ್ತವೆ.

ಕ್ಷಯಕ್ಕೆಂದು ರಕ್ತದಲ್ಲಿ ಆ್ಯಂಟಿಬಾಡಿ ನೋಡುವ ಕಿಟ್‌ಗಳನ್ನು ಭಾರತ ಸರ್ಕಾರ 2012ರಲ್ಲಿಯೇ ನಿಷೇಧಿಸಿದೆ. ಚರ್ಮಕ್ಕೆ ಚುಚ್ಚಿ ನೋಡುವ ಮಾಂಟು ಪರೀಕ್ಷೆ ಸೋಂಕನ್ನು ಹೇಳೀತೇ ಹೊರತು ಕಾಯಿಲೆಯನ್ನಲ್ಲ.

ಚೀಟಿಯಲ್ಲಿ ಮಾದರಿ ತೆಗೆದ ಜಾಗವನ್ನೂ, ರೋಗಿ ಹಿಂದೆ ಟಿಬಿ ಮಾತ್ರೆ ನುಂಗಿದ್ದರೆ ಯಾವಾಗ ಎಂಬುದನ್ನೂ ತಪ್ಪದೆ ಬರೆಯಬೇಕು. ಏಕೆಂದರೆ ಹಿಂದಿನ ಚಿಕಿತ್ಸೆಯಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಸಿಬಿನಾಟ್ ಪಾಸಿಟಿವ್ ಎಂದು ತೋರಿಸಬಲ್ಲದು.