ಗುಡ್ಡದಂಚಿನಲ್ಲಿ ಕಾಡುನೇರಳೆ ಬೆಳೆಸಿದ ನನ್ನ ಅನುಭವ

ಬಾಬಾಬುಡನ್‌ಗಿರಿ ಸಾಲಿನಲ್ಲಿ ನಮ್ಮ ಕಾಫಿ ತೋಟ ಮುಗಿದು ಶೋಲಾ ಕಾಡು, ಅಂದರೆ ಎತ್ತರದ ಬೆಟ್ಟಗಳ ಕುಳ್ಳು ಮರಗಳ ನಿತ್ಯಹಸಿರು ಕಾಡು, ಆರಂಭವಾಗುವ ಅಂಚಿನಲ್ಲಿ, ಹಿಂದೆ ಮರ ಕಡಿದು ಬರಿದಾಗಿದ್ದ ಅರ್ಧ ಎಕರೆಯಲ್ಲಿ ನಾನು ಕಾಡುನೇರಳೆ ನೆಟ್ಟೆ. ಬಯಲುಸೀಮೆಯ ನರ್ಸರಿಯಿಂದ ತಂದ ಸಸಿಗಳು ಮಳೆಗಾಲದಲ್ಲಿ ಸೊಂಪಾಗಿ ಬೆಳೆದವು. ಜನವರಿ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಒಣಗಿದ್ದವು.

ಚಳಿಯೇ ಕೊಂದಿತೆಂದು ಭಾವಿಸಿದ್ದೆ. ಆದರೆ ನನ್ನ ಥರ್ಮಾಮೀಟರು ಒಮ್ಮೆಯೂ 9 ಡಿಗ್ರಿಗಿಂತ ಕೆಳಗಿಳಿದಿರಲಿಲ್ಲ, ಎಲೆಗಳು ಬಾಡುತ್ತಿದ್ದುದೂ ರಾತ್ರಿಯಲ್ಲ, ಬೆಳಿಗ್ಗೆ ಎಂಟರ ನಂತರ. ತಣ್ಣಗಿನ ಮಣ್ಣಿನಲ್ಲಿ ಬೇರು ನೀರನ್ನು ನಿಧಾನವಾಗಿ ಹೀರುತ್ತದೆ. ಅಷ್ಟರಲ್ಲೇ ಏರುಬಿಸಿಲೂ ಒಣಗಾಳಿಯೂ ಎಲೆಯಿಂದ ನೀರನ್ನು ಸೆಳೆಯತೊಡಗುವುದರಿಂದ, ಮಣ್ಣು ತೇವವಾಗಿದ್ದರೂ ಸಸಿ ಬಾಯಾರುತ್ತದೆ. ಸೆಳೆತ ಮಿತಿಮೀರಿದರೆ ಕಾಂಡದ ನೀರ್ಗೊಳವೆಗಳಲ್ಲಿ ಗಾಳಿಗುಳ್ಳೆ ಸೇರಿ ನೀರಿನ ಎಳೆಯೇ ತುಂಡಾಗುತ್ತದೆ.

ಪಕ್ಕದ ಕಾಡಿನ ಹಳೆಯ ನೇರಳೆಯ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಹೆಬ್ಬೆರಳಿನಷ್ಟೇ ಉದ್ದ, ಮೇಣ ಸವರಿದಂಥ ಹೊಳಪು, ಮಡಿಸಿದರೆ ಚಟ್ಟೆಂದು ಮುರಿಯುವಷ್ಟು ದಪ್ಪ. ನನ್ನ ಸಸಿಗಳ ಎಲೆ ಅಗಲವಾಗಿ, ತೆಳ್ಳಗೆ, ಮೆತ್ತಗಿತ್ತು. ಹಳೆಯ ಮರದ ಚಿಗುರು ಕೆಂಪಾಗಿತ್ತು. ಆ ಕೆಂಪು ಬಣ್ಣವಾದ ಆಂಥೋಸಯನಿನ್, ಹಸಿರು ಬಲಿಯುವ ತನಕ ಎಳೆಯ ಎಲೆಗೆ ಪ್ರಖರ ಬಿಸಿಲಿನಿಂದ ಪರದೆಯಾಗುತ್ತದೆ. ಮಂಜು ಕವಿದ ಮುಂಜಾನೆ ಮರದಡಿಯ ತರಗೆಲೆ ತೊಟ್ಟಿಕ್ಕುವ ಹನಿಗಳಿಂದ ಒದ್ದೆಯಾಗಿದ್ದರೆ, ನಾಲ್ಕು ಮಾರು ಆಚೆಯ ಬಯಲು ಒಣಗಿತ್ತು.

ಎಲ್ಲ ಬೆಟ್ಟಗಳ ಉಪಾಯವೂ ಒಂದೇ ಅಲ್ಲ. ಕೀನ್ಯಾ ಪರ್ವತದಲ್ಲಿ ಸುಮಾರು 4,000 ಮೀಟರ್ ಎತ್ತರದಲ್ಲಿ ಬೆಳೆಯುವ ಡೆಂಡ್ರೊಸೆನೇಸಿಯೊ ಮರಗಳು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿರುವುದರಿಂದ, ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಉಳಿಸಿಕೊಳ್ಳುತ್ತವೆ. ನಮ್ಮ ಮರಗಳಿಗೆ ಅದರ ಅಗತ್ಯವಿಲ್ಲ. ಅವುಗಳ ಹೋರಾಟ ಗಾಳಿಯೊಂದಿಗೆ, ಬಾಯಾರಿಕೆಯೊಂದಿಗೆ.

ಮರುವರ್ಷ ಅದೇ ಕಾಡಿನಂಚಿನ ಮರಗಳಡಿ ಬಿದ್ದ ಹಣ್ಣುಗಳಿಂದ ಬೀಜ ತೆಗೆದೆ. ನೇರಳೆ ಬೀಜ ಒಣಗಿದರೆ ಜೀವ ಕಳೆದುಕೊಳ್ಳುವುದರಿಂದ ಎರಡೇ ದಿನದೊಳಗೆ ಬಿತ್ತಿದೆ. ಸಸಿಗಳನ್ನು ತೋಟದ ಮೇಲ್ತುದಿಯಲ್ಲೇ ಬೆಳೆಸಿ, ಅಕ್ಟೋಬರಿನಿಂದ ನೀರನ್ನೂ ನೆರಳನ್ನೂ ಸ್ವಲ್ಪಸ್ವಲ್ಪವೇ ತಗ್ಗಿಸಿದೆ. ಮುಂದಿನ ಜೂನಿನಲ್ಲಿ ಜರೀಗಿಡವನ್ನೂ ಪೊದೆಯನ್ನೂ ಸವರದೆ, ಪ್ರತಿ ಪೊದೆಯ ಪಶ್ಚಿಮ ಮಗ್ಗುಲಿಗೆ ಒಂದೊಂದು ಸಸಿ ನೆಟ್ಟೆ. ಮಣ್ಣು ಬೆಚ್ಚಗಾದ ಮೇಲಷ್ಟೇ ಬಿಸಿಲು ಎಲೆಯನ್ನು ತಲುಪಲೆಂಬುದು ನನ್ನ ಲೆಕ್ಕಾಚಾರ. ಬುಡಕ್ಕೆ ತರಗೆಲೆ ಹೊದಿಸಿದೆ. ಮೇಲಿನ ಹುಲ್ಲುಗಾವಲಿನಲ್ಲಿ ಮಾತ್ರ ಒಂದು ಸಸಿಯನ್ನೂ ನೆಡಲಿಲ್ಲ. ಅದು ಪಾಳುಭೂಮಿಯಲ್ಲ, ಶೋಲೆಯಷ್ಟೇ ಹಳೆಯ, ತನ್ನದೇ ಜೀವಸಂಕುಲವಿರುವ ನೆಲ.

ಅರವತ್ತರಲ್ಲಿ ನಲವತ್ತೊಂದು ಸಸಿಗಳು ಮೂರು ಬೇಸಿಗೆ ದಾಟಿವೆ. ಸೊಂಟದೆತ್ತರವೂ ಬಂದಿಲ್ಲ, ಆದರೆ ಈ ವರ್ಷದ ಎಲೆಗಳು ಹೋದ ವರ್ಷದವಕ್ಕಿಂತ ಚಿಕ್ಕದಾಗಿವೆ, ದಪ್ಪವಾಗಿವೆ.