ಪಿಇಎ ಕೆಲಸ ಮಾಡುತ್ತಿದೆಯೇ? ನಾನು ಲೆಕ್ಕ ಇಟ್ಟ ಬಗೆ

ನೋವಿಗೆಂದು ತಂದ ಪಿಇಎ ಎಂಬ ಪೂರಕದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಹದಿನಾಲ್ಕು ದಿನ ಬರೀ ಬರೆದಿಟ್ಟೆ. ಎದ್ದ ಹತ್ತು ನಿಮಿಷದ ಬಳಿಕ ಒಂದು ಸಲ, ಮಲಗುವ ಮುಂಚೆ ಒಂದು ಸಲ, ನೋವಿಗೆ 0ಯಿಂದ 10ರೊಳಗೆ ಅಂಕ. ಪಕ್ಕದಲ್ಲಿ ಮೂರು ಕಾಲಂ: ಬೆಳಗಿನ ಬಿಗಿತ ಎಷ್ಟು ನಿಮಿಷ, ರಾತ್ರಿ ಎಷ್ಟು ಸಲ ಎಚ್ಚರ, ನೋವಿನ ಮಾತ್ರೆ ಎಷ್ಟು. ದಿನಕ್ಕೊಂದು ಹೊಸ ಚೀಟಿ. ನಿನ್ನೆಯ ಅಂಕ ಕಣ್ಣಿಗೆ ಬಿದ್ದರೆ ಕೈ ಅದನ್ನೇ ಬರೆಯುತ್ತದೆ. ಈ ಎರಡು ವಾರದ ಲೆಕ್ಕ ಇಲ್ಲದಿದ್ದರೆ ಮುಂದಿನದ್ದೆಲ್ಲ ವ್ಯರ್ಥ. ನೋವು ತಾರಕಕ್ಕೇರಿದಾಗಲೇ ಎಲ್ಲರೂ ಪೂರಕ ಕೊಳ್ಳುವುದು. ಅದು ತಾನಾಗಿ ಇಳಿದರೂ ಹೆಸರು ಕ್ಯಾಪ್ಸೂಲ್‌ಗೆ.

ಪಾಮಿಟೋಯ್ಲ್‌ಎಥನಾಲಮೈಡ್, ಅಂದರೆ ಪಿಇಎ, ಪಾಮಿಟಿಕ್ ಆಮ್ಲದಿಂದ ದೇಹವೇ ತಯಾರಿಸಿಕೊಳ್ಳುವ ಕೊಬ್ಬಿನ ಅಣು. 1957ರಲ್ಲಿ ಮೊಟ್ಟೆಯ ಹಳದಿ, ಸೋಯಾ ಲೆಸಿಥಿನ್, ಶೇಂಗಾ ಹಿಂಡಿಗಳಿಂದ ಬೇರ್ಪಡಿಸಿದ್ದು. ಜೀವಕೋಶದೊಳಗಿನ ಪಿಪಿಎಆರ್-ಆಲ್ಫಾ ಎಂಬ ಗ್ರಾಹಿಯ (ಸಂಕೇತ ಹಿಡಿಯುವ ಪ್ರೋಟೀನಿನ) ಮೂಲಕ ಜೀನ್‌ಗಳ ಮಟ್ಟದಲ್ಲಿ ಉರಿಯೂತ ತಗ್ಗಿಸುವುದು ಇದರ ಮುಖ್ಯ ದಾರಿ. ಹಾಗಾಗಿ ನುಂಗಿದ ಅರ್ಧ ಗಂಟೆಗೆ ನೋವು ಇಳಿಯಲಿ ಎಂದು ಕಾಯುವಂತಿಲ್ಲ.

ಕೊಳ್ಳುವಾಗ ಎಡವುವುದು ಹೆಸರಿನಲ್ಲಿ. ಫೆನೈಲ್‌ಎಥಿಲಮೈನ್ ಎಂಬ ಉತ್ತೇಜಕಕ್ಕೂ ಪಿಇಎ ಎಂದೇ ಚುಟುಕು ಹೆಸರು. ಪೂರ್ತಿ ಹೆಸರು ಓದಿ. ಪರೀಕ್ಷಾ ವರದಿ ಸಿಕ್ಕರೆ ರಾಸಾಯನಿಕಗಳನ್ನು ಗುರುತಿಸುವ ಸಿಎಎಸ್ ಸಂಖ್ಯೆ 544-31-0 ಇದೆಯೇ ನೋಡಿ. ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಪುಡಿ ನುಣುಪಾದಷ್ಟೂ ಒಳಗೆ ಹೀರಿಕೊಳ್ಳುವುದು ಸಲೀಸು. 'ಮೈಕ್ರೊನೈಸ್ಡ್' ಎಂದಿರುವುದನ್ನೇ ಆರಿಸಿದೆ. ಕ್ಯಾಪ್ಸೂಲ್‌ನ ಒಟ್ಟು ತೂಕ ಬೇರೆ, ಅದರೊಳಗಿನ ಪಿಇಎ ಬೇರೆ.

ಪ್ರಮಾಣ: 600 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಜಿಡ್ಡಿರುವ ಊಟದ ಜೊತೆ, ಎಂಟು ವಾರ. ಆ ಅವಧಿಯಲ್ಲಿ ಹೊಸ ವ್ಯಾಯಾಮ, ಹೊಸ ಹಾಸಿಗೆ, ಇನ್ನೊಂದು ಪೂರಕ ಯಾವುದೂ ಬೇಡ. ವೈದ್ಯರು ಕೊಟ್ಟ ಔಷಧಿಯನ್ನು ಮಾತ್ರ ನಿಲ್ಲಿಸಬಾರದು; ಗರ್ಭಿಣಿಯರು, ಲಿವರ್ ಅಥವಾ ಕಿಡ್ನಿ ತೊಂದರೆಯವರು ಕೇಳದೆ ಶುರುಮಾಡಬಾರದು. ಅಡ್ಡಪರಿಣಾಮ ಸಾಮಾನ್ಯವಾಗಿ ಹೊಟ್ಟೆಯ ಕಿರಿಕಿರಿಯಷ್ಟೇ.

ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಪರೀಕ್ಷೆಗೆ ನಾನು ಹೋಗಲಿಲ್ಲ. ನರದ ನೋವಿನಲ್ಲಿ ಅದು ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ, ಸಹಜವಿದ್ದದ್ದು ಇಳಿಯುವುದೆಲ್ಲಿಗೆ?

ತೀರ್ಪಿನ ಗೆರೆಯನ್ನು ಮೊದಲೇ ಬರೆದಿಟ್ಟೆ: ಕೊನೆಯ ಎರಡು ವಾರದ ನೋವಿನ ಸರಾಸರಿ ಅಂಕ, ಶುರುವಿಗೆ ಮುಂಚಿನ ಎರಡು ವಾರದ್ದಕ್ಕಿಂತ ಶೇ. 30ರಷ್ಟಾದರೂ ಇಳಿಯಬೇಕು. 6 ಇದ್ದದ್ದು 4.2ಕ್ಕೆ ಬಂದರೆ ಪಾಸು, 5.4 ಆದರೆ ಇಲ್ಲ. ಅಂಕ ಹಾಗೇ ಇದ್ದು ನೋವಿನ ಮಾತ್ರೆ ಅರ್ಧಕ್ಕಿಳಿದರೆ ಅದೂ ಲಾಭವೇ. ಈ ಕಾಲಂ ಇಲ್ಲದಿದ್ದರೆ ಅದು ಕಾಣುವುದೇ ಇಲ್ಲ.

ನೋವಿನ ಬಗೆಯೂ ಮುಖ್ಯ. ಸಯಾಟಿಕಾ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಇದ್ದ 636 ಜನರ ಮೇಲಿನ ಮೂರು ವಾರದ ಪರೀಕ್ಷೆಯಲ್ಲಿ ದಿನಕ್ಕೆ 600 ಮಿಲಿಗ್ರಾಂ, 300ಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಬೆನ್ನುಹುರಿ ಪೆಟ್ಟಿನ ನೋವಿಗೆ 12 ವಾರ ದಿನಕ್ಕೆ 1200 ಕೊಟ್ಟರೂ ಪ್ಲಾಸಿಬೊಗಿಂತ (ಔಷಧಿಯಿಲ್ಲದ ಹುಸಿ ಮಾತ್ರೆಗಿಂತ) ಹೆಚ್ಚೇನೂ ಆಗಲಿಲ್ಲ.

ಗೆರೆ ದಾಟಿದರೂ ಅಲ್ಲಿಗೆ ಮುಗಿಯಲಿಲ್ಲ. ಎರಡರಿಂದ ನಾಲ್ಕು ವಾರ ಪಿಇಎ ನಿಲ್ಲಿಸಿ, ಚೀಟಿ ಮುಂದುವರಿಸಬೇಕು. ಅಂಕ ಮೇಲೇರಿ, ಮತ್ತೆ ಶುರುಮಾಡಿದಾಗ ಇಳಿದರೆ ನಂಬಬಹುದು. ನಿಲ್ಲಿಸಿದರೂ ಅಲ್ಲೇ ಇದ್ದರೆ ಮುಂದಿನ ಡಬ್ಬಿ ಬೇಡ.